ಮಿಕ್ಸಿಂಗ್ ಕೋಣೆಯಿಂದ: ‘ಪಾಟೀಲ ಫೈನಲ್’, ‘ಪಾಟೀಲ ಫೈನಲ್ 2’, ‘ಪಾಟೀಲ ಖರೇ ಫೈನಲ್’

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಹೆಸರಿನ ಬಗ್ಗೆಯೇ ಇವೆ. ಮಕ್ಕಳ ಹೆಸರಲ್ಲ, ವಿಡಿಯೋ ಮಿಕ್ಸಿಂಗ್ (ಅಂದರೆ ಎಡಿಟಿಂಗ್) ಮಾಡುವ ಪ್ರಾಜೆಕ್ಟುಗಳ ಹೆಸರು. ಮದುವೆ ಸೀಸನ್ ಮುಗಿಯಿತು, ಎಲ್ಲರೂ ಹಾರ್ಡ್‌ಡಿಸ್ಕ್ ತೆರೆದು ಕುಳಿತಿದ್ದೀರಿ ಅಂತ ಕಾಣುತ್ತದೆ. ಬಣ್ಣ ತಿದ್ದುವುದು, ಹಾಡು ಕೂಡಿಸುವುದು ಇತ್ಯಾದಿ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಒಂದು ಮಾತು: ಕೆಳಗೆ ಫೈಲುಗಳ ಹೆಸರು ಕನ್ನಡದಲ್ಲಿ ಅಚ್ಚಾಗಿರುತ್ತವೆ. ಕಂಪ್ಯೂಟರಿನಲ್ಲಿ ನೀವು ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ. ಯಾಕೆ ಅಂತ ಐದನೇ ಉತ್ತರದಲ್ಲಿದೆ.

ಪ್ರಶ್ನೆ: ಅಕ್ಕಾರ, ಗದಗದಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೋ. ಮದುವೆ, ಕುಬಸ, ಜಾವಳ ಎಲ್ಲ ಮಾಡುತ್ತೇವೆ. ಈ ಸಲ ಮೂರು ಪಾಟೀಲರ ಮದುವೆ ಬಂದವು. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನಲ್ಲಿ ‘ಪಾಟೀಲ’, ‘ಪಾಟೀಲ ನ್ಯೂ’, ‘ಪಾಟೀಲ ಫೈನಲ್’, ‘ಪಾಟೀಲ ಫೈನಲ್ 2’, ‘ಪಾಟೀಲ ಖರೇ ಫೈನಲ್’ ಅಂತ ಸಾಲಾಗಿ ಇವೆ. ಯಾವುದು ಯಾರದು ತಿಳಿಯುತ್ತಿಲ್ಲ. ಈಗ ಹೆಸರು ಬದಲಿಸಿದರೆ ಒಳಗೆ ಮಾಡಿದ ಕೆಲಸ ಹೋಗುತ್ತದಾ?
— ಮದುವೆ ವಿಡಿಯೋ ಮಾಡುವವರು, ಗದಗ

ಉತ್ತರ: ಹೋಗುವುದಿಲ್ಲ. ಯಾಕೆ ಹೋಗುವುದಿಲ್ಲ ಅಂತ ಗೊತ್ತಾದರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳುತ್ತೀರಿ. ಪ್ರಾಜೆಕ್ಟ್ ಫೈಲ್ ಅಂದರೆ ಕಿರಾಣಿ ಯಾದಿ ಇದ್ದ ಹಾಗೆ. ಯಾದಿಯೊಳಗೆ ಅಕ್ಕಿಯೂ ಇರುವುದಿಲ್ಲ, ಬೆಲ್ಲವೂ ಇರುವುದಿಲ್ಲ. ಯಾವ ಸಾಮಾನು, ಯಾವ ಅಂಗಡಿ, ಎಷ್ಟು ಅಂತ ಬರೆದಿರುತ್ತದೆ, ಅಷ್ಟೆ. ಪ್ರೀಮಿಯರ್ ಫೈಲಿನಲ್ಲೂ ಅದೇ. ಇಂಥ ಡ್ರೈವಿನ ಇಂಥ ಫೋಲ್ಡರಿನಲ್ಲಿರುವ ಕ್ಲಿಪ್ಪನ್ನು ಇಲ್ಲಿಂದ ಇಲ್ಲಿಯವರೆಗೆ ಹಾಕು, ಅದರ ಕೆಳಗೆ ಈ ಹಾಡು ಇಡು ಅಂತ ಬರೆದಿರುತ್ತದೆ. ಶೂಟಿಂಗ್ ನೂರಾರು ಜಿಬಿ ಇದ್ದರೂ ಪ್ರಾಜೆಕ್ಟ್ ಫೈಲ್ ಕೆಲವೇ ಎಂಬಿ ಇರುತ್ತದಲ್ಲ, ಅದಕ್ಕೇ. ಯಾದಿಯ ತಲೆಬರಹ ಬದಲಿಸಿದರೆ ಏನೂ ಆಗದು. ಅಂಗಡಿಯನ್ನೇ ಎತ್ತಿ ಬೇರೆ ಓಣಿಗೆ ಇಟ್ಟರೆ ತಕರಾರು ಶುರು.

ಈಗ ಕೆಲಸ. ಮೊದಲು ಒಂದೊಂದೇ ಪ್ರಾಜೆಕ್ಟ್ ತೆರೆದು, ಟೈಮ್‌ಲೈನಿನಲ್ಲಿ (ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸಿದ ಪಟ್ಟಿಯಲ್ಲಿ) ಯಾರ ಮುಖ ಇದೆ ನೋಡಿ, ಕಾಗದದ ಮೇಲೆ ಬರೆದುಕೊಳ್ಳಿ. ಕಂಪ್ಯೂಟರಿನಲ್ಲಿ ಅಲ್ಲ, ಕಾಗದದ ಮೇಲೆ. ಆಮೇಲೆ ಪ್ರೀಮಿಯರ್ ಪೂರ್ತಿ ಮುಚ್ಚಿ. ವಿಂಡೋಸ್ ಫೋಲ್ಡರಿಗೆ ಹೋಗಿ, ಪ್ರಾಜೆಕ್ಟ್ ಫೈಲಿನ ಮೇಲೆ ನಿಂತು ಎಫ್2 ಒತ್ತಿ ಹೊಸ ಹೆಸರು ಕೊಡಿ. ತೆರೆಯುವಾಗ ಆ ಫೈಲನ್ನೇ ಎರಡು ಸಲ ಒತ್ತಿ ತೆರೆಯಿರಿ. ಪ್ರೀಮಿಯರ್‌ನ ‘ರೀಸೆಂಟ್’ ಪಟ್ಟಿಯಲ್ಲಿ ಹಳೆ ಹೆಸರೇ ಕೂತಿರುತ್ತದೆ. ಅದನ್ನು ಒತ್ತಿದರೆ ಫೈಲ್ ಸಿಗುವುದಿಲ್ಲ. ನಮ್ಮ ಹುಡುಗರು ಪ್ರತಿ ಸಲ ಅದನ್ನೇ ಒತ್ತಿ ‘ಅಕ್ಕಾರ, ಪ್ರಾಜೆಕ್ಟ್ ಹೋತ್ರಿ’ ಅಂತ ಓಡಿ ಬರುತ್ತಾರೆ. ಎಲ್ಲೂ ಹೋಗಿರುವುದಿಲ್ಲ.

ಹೆಸರು ಹೇಗಿರಬೇಕು? ನಾನು ಇಡುವುದು ಹೀಗೆ: ‘2025-05-11_ಗದಗ_ಪಾಟೀಲ-ಹೊಸಮನಿ_ವಿ01’. ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ. ಹೀಗೆ ಬರೆದರೆ ಫೋಲ್ಡರ್ ತೆರೆದ ಕೂಡಲೇ ಮದುವೆಗಳು ತಾವೇ ತಾರೀಖಿನ ಪ್ರಕಾರ ಸಾಲಾಗಿ ನಿಲ್ಲುತ್ತವೆ. ನಾವು ಮಾತಾಡುವ ಹಾಗೆ 11-05-2025 ಅಂತ ಬರೆದರೆ ಎಲ್ಲ ವರ್ಷದ 11ನೇ ತಾರೀಖುಗಳು ಒಂದೇ ಕಡೆ ಗುಂಪು ಕೂಡುತ್ತವೆ. ಅಡ್ಡಗೀಟು ಹಾಕಿ 11/05/2025 ಅಂತ ಬರೆಯಲು ವಿಂಡೋಸ್ ಬಿಡುವುದೇ ಇಲ್ಲ. ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ, ಉದ್ಧರಣ ಚಿಹ್ನೆ, ಮೇಲೆ ಕೆಳಗೆ ಎರಡು ಚುಕ್ಕೆ ಇವೂ ನಡೆಯುವುದಿಲ್ಲ. ಆಮೇಲೆ ಊರು. ಆಮೇಲೆ ಎರಡೂ ಮನೆಗಳ ಹೆಸರು, ಗಂಡಿನ ಕಡೆಯದು ಒಂದೇ ಸಾಲದು. ನಮ್ಮ ಕಡೆ ಪಾಟೀಲರು, ಹಿರೇಮಠರು, ಕುಲಕರ್ಣಿಯರು ಎಷ್ಟು ಜನ ಇದ್ದಾರೆ ಅಂತ ನಿಮಗೆ ನಾನು ಹೇಳಬೇಕೇ?

ಕೊನೆಯ ‘ವಿ01’ ಎಲ್ಲಕ್ಕಿಂತ ಮುಖ್ಯ. ವಿ ಅಂದರೆ ವರ್ಷನ್, ಎಷ್ಟನೇ ಆವೃತ್ತಿ ಅಂತ. ‘ಫೈನಲ್’ ಎಂಬ ಪದವನ್ನು ನಿಮ್ಮ ಸ್ಟುಡಿಯೋದಿಂದ ಹೊರಗೆ ಹಾಕಿ. ಮದುವೆ ವಿಡಿಯೋ ಫೈನಲ್ ಆಗುವುದು ನಿಮ್ಮ ಕೈಯಲ್ಲಿ ಇಲ್ಲ. ಸೋದರತ್ತೆ ಅಕ್ಕಿಕಾಳು ಹಾಕಿದ್ದು ಕಾಣಲಿಲ್ಲ ಅಂತ ಫೋನ್ ಬರುತ್ತದೆ, ಬೀಗರ ಊಟ ಜಾಸ್ತಿ ಆಯ್ತು ಅಂತ ಇನ್ನೊಂದು ಬರುತ್ತದೆ. ಹಾಗಾಗಿ ವಿ01, ವಿ02, ವಿ03. ಸೊನ್ನೆ ಬಿಡಬೇಡಿ. ಸೊನ್ನೆ ಇಲ್ಲದಿದ್ದರೆ ಕೆಲವು ಕಡೆ 10 ಎಂಬುದು 2ಕ್ಕಿಂತ ಮೊದಲು ಬಂದು ಕೂರುತ್ತದೆ. ಅದೇ ಫೋಲ್ಡರಿನಲ್ಲಿ ಒಂದು ನೋಟ್‌ಪ್ಯಾಡ್ ಫೈಲ್ ಇಡಿ. ‘ವಿ03: ಸೋದರತ್ತೆ ಸೇರಿಸಿದ್ದು, ಬೀಗರ ಊಟ ಮೊಟಕು’ ಅಂತ ಒಂದೇ ಸಾಲು ಬರೆಯಿರಿ. ‘ಮೊದಲು ಇದ್ದಿದ್ದೇ ಛಲೋ ಇತ್ತು’ ಅಂತ ಮನೆಯವರು ತಿರುಗಿ ಬಂದಾಗ ಆ ಸಾಲಿನ ಬೆಲೆ ತಿಳಿಯುತ್ತದೆ.

ಹೊಸ ವಿ ಮಾಡುವಾಗ ಫೈಲ್ ಮೆನುವಿನಲ್ಲಿ ಎರಡು ಆಯ್ಕೆ ಕಾಣುತ್ತವೆ. ‘ಸೇವ್ ಆ್ಯಸ್’ ಕೊಟ್ಟರೆ ಅಲ್ಲಿಂದ ಮುಂದಿನ ಕೆಲಸ ಹೊಸ ಹೆಸರಿನ ಫೈಲಿನಲ್ಲಿ ಆಗುತ್ತದೆ, ಹಳೆಯದು ಇದ್ದ ಹಾಗೆ ಉಳಿಯುತ್ತದೆ. ‘ಸೇವ್ ಎ ಕಾಪಿ’ ಕೊಟ್ಟರೆ ಒಂದು ಪ್ರತಿ ಪಕ್ಕಕ್ಕೆ ಬೀಳುತ್ತದೆ, ನೀವು ಮಾತ್ರ ಹಳೆ ಫೈಲಿನಲ್ಲೇ ಮುಂದುವರಿಯುತ್ತೀರಿ. ನಿಮಗೆ ಬೇಕಾದದ್ದು ಮೊದಲನೆಯದು. ವಿ02 ಮಾಡಿದೆ ಅಂದುಕೊಂಡು ವಿ01ನ್ನೇ ಬದಲಿಸಿದವರು ಬಹಳ ಜನ. ಅಂಥವರು ಪ್ರಾಜೆಕ್ಟ್ ಪಕ್ಕದ ‘ಆಟೊ ಸೇವ್’ ಫೋಲ್ಡರಿನಲ್ಲಿ ಹುಡುಕಲಿ. ತಾರೀಖು, ವೇಳೆಯ ಸಮೇತ ಹಳೆ ಪ್ರತಿಗಳು ಅಲ್ಲಿ ಸಿಗುತ್ತವೆ.

ಗದಗ, ಹುಬ್ಬಳ್ಳಿಯ ಮಿಕ್ಸಿಂಗ್ ಕೋಣೆಗಳಲ್ಲಿ ಎಡಿಯಸ್ ಎಂಬ ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್ ಬಳಸುವವರೂ ಇದ್ದೀರಿ. ನಿಮಗೂ ಇದೇ ಮಾತು. ಅಲ್ಲೂ ಪ್ರಾಜೆಕ್ಟಿಗೆ ತನ್ನದೇ ಫೈಲ್ ಇದೆ, ಶೂಟಿಂಗ್ ಹೊರಗಿರುತ್ತದೆ.

ಪ್ರಶ್ನೆ: ಮೇಡಂ, ನಾನು ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿ ಓದುತ್ತಿದ್ದೇನೆ. ಕೆಲಗೇರಿ ಕೆರೆ, ಸಾಧನಕೇರಿ, ಲೈನ್ ಬಜಾರಿನ ಪೇಢೆ ಅಂಗಡಿ ಹೀಗೆ ಸಣ್ಣ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕುತ್ತೇನೆ. ಡಾವಿಂಚಿ ರಿಸಾಲ್ವ್ ಉಚಿತ ಆವೃತ್ತಿ ಬಳಸುತ್ತೇನೆ. ಪ್ರಾಜೆಕ್ಟಿನ ಹೆಸರು ಬದಲಿಸೋಣ ಅಂದರೆ ಕಂಪ್ಯೂಟರಿನಲ್ಲಿ ಫೈಲೇ ಸಿಗುತ್ತಿಲ್ಲ. ಎಲ್ಲಿ ಇರುತ್ತದೆ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಹುಡುಕಬೇಡ ತಂಗಿ, ಅದು ನಿನ್ನ ಕಣ್ಣಿಗೆ ಬೀಳುವ ಜಾಗದಲ್ಲಿ ಇಲ್ಲ. ಪ್ರೀಮಿಯರ್‌ನಲ್ಲಿ ಒಂದು ಪ್ರಾಜೆಕ್ಟಿಗೆ ಒಂದು ಫೈಲ್. ರಿಸಾಲ್ವ್ ಹಾಗಲ್ಲ. ಅದು ಎಲ್ಲ ಪ್ರಾಜೆಕ್ಟುಗಳನ್ನೂ ತನ್ನ ‘ಪ್ರಾಜೆಕ್ಟ್ ಲೈಬ್ರರಿ’ಯೊಳಗೆ ಇಟ್ಟುಕೊಳ್ಳುತ್ತದೆ. ಹಳೆ ಆವೃತ್ತಿಗಳಲ್ಲಿ ಇದನ್ನೇ ಡೇಟಾಬೇಸ್ ಎನ್ನುತ್ತಿದ್ದರು. ಆದ್ದರಿಂದ ಹೆಸರು ಬದಲಿಸುವುದೂ ರಿಸಾಲ್ವ್ ಒಳಗಿನಿಂದಲೇ. ಕೆಳಗೆ ಬಲ ಮೂಲೆಯಲ್ಲಿ ಮನೆಯ ಚಿತ್ರ ಇದೆಯಲ್ಲ, ಅದನ್ನು ಒತ್ತು. ಶಿಫ್ಟ್ ಹಿಡಿದು 1 ಒತ್ತಿದರೂ ಆದೀತು. ಪ್ರಾಜೆಕ್ಟ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಪ್ರಾಜೆಕ್ಟಿನ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ‘ರಿನೇಮ್’ ಸಿಗುತ್ತದೆ. ಅಲ್ಲೇ ಫೋಲ್ಡರ್ ಮಾಡಿ ‘ಕೆರೆಗಳು’, ‘ತಿಂಡಿ’, ‘ಓಣಿಗಳು’ ಅಂತ ವಿಂಗಡಿಸಿಕೊಳ್ಳಬಹುದು.

ಇಲ್ಲಿಗೆ ನಿನ್ನ ಪ್ರಶ್ನೆ ಮುಗಿಯಿತು. ಆದರೆ ನೀನು ಕೇಳದ ಒಂದು ವಿಷಯ ಇದಕ್ಕಿಂತ ದೊಡ್ಡದು. ಆ ಲೈಬ್ರರಿ ಸಾಮಾನ್ಯವಾಗಿ ಸಿ ಡ್ರೈವಿನಲ್ಲಿ ಇರುತ್ತದೆ. ಕಂಪ್ಯೂಟರ್ ನಿಧಾನ ಆಯಿತು ಅಂತ ಅಂಗಡಿಗೆ ಒಯ್ಯುತ್ತೀಯ. ಅವರು ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ ‘ನಿಮ್ಮ ಡಿ ಡ್ರೈವ್ ಮುಟ್ಟಿಲ್ರಿ, ಎಲ್ಲಾ ಹಂಗ ಐತಿ’ ಎನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಶೂಟಿಂಗ್ ಎಲ್ಲ ಡಿ ಡ್ರೈವಿನಲ್ಲಿ ಹಾಗೇ ಇರುತ್ತದೆ, ಪ್ರಾಜೆಕ್ಟ್ ಮಾತ್ರ ಒಂದೂ ಇರುವುದಿಲ್ಲ. ಇದರಿಂದ ಅತ್ತವರನ್ನು ನಾನು ನೋಡಿದ್ದೇನೆ.

ಅದಕ್ಕೆ ಒಂದು ವಿಡಿಯೋ ಮುಗಿದ ಕೂಡಲೇ ಅದೇ ಬಲಗುಂಡಿ ಮೆನುವಿನಿಂದ ‘ಎಕ್ಸ್‌ಪೋರ್ಟ್ ಪ್ರಾಜೆಕ್ಟ್’ ಕೊಡು. ಡಿಆರ್‌ಪಿ ಎಂಬ ಬಾಲದ ಸಣ್ಣ ಫೈಲ್ ಬರುತ್ತದೆ. ಅದನ್ನು ಶೂಟಿಂಗ್ ಇರುವ ಫೋಲ್ಡರಿನಲ್ಲೇ ಇಡು, ಒಂದು ಪ್ರತಿ ನಿನ್ನ ಇಮೇಲಿಗೂ ಕಳಿಸಿಕೋ. ಇದರಲ್ಲಿ ವಿಡಿಯೋ ಇರುವುದಿಲ್ಲ, ಕೆಲಸ ಮಾತ್ರ ಇರುತ್ತದೆ. ವಿಡಿಯೋ ಸಮೇತ ಬೇಕಾದರೆ ‘ಪ್ರಾಜೆಕ್ಟ್ ಆರ್ಕೈವ್’ ಎಂಬುದು ಬೇರೆ ಇದೆ, ಜಾಗ ಬಹಳ ತಿನ್ನುತ್ತದೆ. ಪ್ರಿಫರೆನ್ಸಸ್‌ನ ಯೂಸರ್ ಭಾಗದಲ್ಲಿ ‘ಪ್ರಾಜೆಕ್ಟ್ ಸೇವ್ ಆ್ಯಂಡ್ ಲೋಡ್’ ಎಂಬಲ್ಲಿ ಬ್ಯಾಕಪ್ ಚಾಲೂ ಮಾಡಿ, ಬ್ಯಾಕಪ್ಪಿನ ಜಾಗವನ್ನು ಸಿ ಬಿಟ್ಟು ಬೇರೆ ಡ್ರೈವಿಗೆ ತೋರಿಸಿಬಿಡು. ಮತ್ತೆ ಪ್ರಾಜೆಕ್ಟ್ ಮ್ಯಾನೇಜರಿನಲ್ಲಿ ‘ರಿನೇಮ್’ ಇರುವ ಮೆನುವಿನಲ್ಲೇ ‘ಡಿಲೀಟ್’ ಕೂಡ ಇದೆ. ನಿದ್ದೆಗಣ್ಣಿನಲ್ಲಿ ಈ ಕೆಲಸಕ್ಕೆ ಕೂರಬೇಡ.

ಪ್ರಶ್ನೆ: ಶಿವರಾತ್ರಿಯ ಮರುದಿನ ಸಿದ್ಧಾರೂಢ ಮಠದ ತೇರು ಶೂಟ್ ಮಾಡಿದೆವು. ಎರಡು ಸೋನಿ ಕ್ಯಾಮೆರಾ, ಒಂದು ಗೋಪ್ರೊ. ಎರಡೂ ಸೋನಿಯಲ್ಲಿ ಕ್ಲಿಪ್ಪುಗಳ ಹೆಸರು ಸಿ0001, ಸಿ0002 ಅಂತ ಒಂದೇ ತರಹ ಇವೆ. ಎಡಿಟಿಂಗ್ ಅರ್ಧ ಆಗಿದೆ. ಈಗ ಕ್ಲಿಪ್ಪುಗಳ ಹೆಸರು ಬದಲಿಸಬಹುದೇ?
— ಕ್ಯಾಮೆರಾಮನ್, ಹಳೇ ಹುಬ್ಬಳ್ಳಿ

ಉತ್ತರ: ವಿಂಡೋಸ್ ಫೋಲ್ಡರಿನಲ್ಲಿ ಈಗ ಬದಲಿಸಬೇಡಿ. ಬದಲಿಸಿದ ಮರುಗಳಿಗೆ ಪ್ರಾಜೆಕ್ಟ್ ‘ಸಿ0001 ಎಲ್ಲಿ?’ ಅಂತ ಕೇಳುತ್ತದೆ. ಸಾಫ್ಟ್‌ವೇರಿನ ಒಳಗೆ ಮಾತ್ರ ಹೆಸರು ಕೊಡಿ. ಬಿನ್‌ನಲ್ಲಿ (ಸಾಫ್ಟ್‌ವೇರಿನೊಳಗೆ ಕ್ಲಿಪ್ಪುಗಳನ್ನು ಇಡುವ ಫೋಲ್ಡರಿನಲ್ಲಿ) ಕ್ಲಿಪ್ಪಿನ ಹೆಸರು ಒತ್ತಿ ‘ತೇರು ಹೊರಟಿದ್ದು’, ‘ಉತ್ತತ್ತಿ ಎಸೆದದ್ದು’ ಅಂತ ಬರೆಯಿರಿ. ಡಿಸ್ಕಿನ ಮೇಲೆ ಅದು ಸಿ0001 ಆಗಿಯೇ ಉಳಿಯುತ್ತದೆ, ನಿಮ್ಮ ಕಣ್ಣಿಗೆ ಮಾತ್ರ ಹೊಸ ಹೆಸರು. ಪ್ರೀಮಿಯರ್, ರಿಸಾಲ್ವ್, ಎಡಿಯಸ್ ಮೂರರಲ್ಲೂ ಹೀಗೆಯೇ. ಮೂಲ ಫೈಲ್ ಯಾವುದು ಅಂತ ತಿಳಿಯಬೇಕಾದರೆ ಪ್ರೀಮಿಯರ್‌ನಲ್ಲಿ ‘ರಿವೀಲ್ ಇನ್ ಎಕ್ಸ್‌ಪ್ಲೋರರ್’ ಒತ್ತಿ. ರಿಸಾಲ್ವ್‌ನಲ್ಲಿ ವ್ಯೂ ಮೆನುವಿನಲ್ಲಿ ‘ಶೋ ಫೈಲ್ ನೇಮ್ಸ್’ ಇದೆ.

ಮುಂದಿನ ಸಲಕ್ಕೆ ಕ್ರಮ ಬೇರೆ. ಕಾರ್ಡ್ ಇಳಿಸಿದ ಮೇಲೆ, ಎಡಿಟಿಂಗ್ ಸಾಫ್ಟ್‌ವೇರ್ ತೆರೆಯುವ ಮೊದಲು ಹೆಸರಿಡಿ. ನನ್ನ ಕೋಣೆಯಲ್ಲಿ ಇದೊಂದೇ ಕಾಯ್ದೆ: ಡಿಸ್ಕಿನ ಹೆಸರು ಮಿಕ್ಸಿಂಗಿಗೆ ಮೊದಲು, ಆಮೇಲಿನದೆಲ್ಲ ಸಾಫ್ಟ್‌ವೇರಿನೊಳಗೆ.

ಎರಡು ಸಿ0001 ಇದ್ದರೆ ಏನಾಯಿತು, ಬೇರೆ ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದೇವಲ್ಲ ಎನ್ನಬಹುದು. ಇವತ್ತು ಏನೂ ಆಗುವುದಿಲ್ಲ. ಆರು ತಿಂಗಳ ಮೇಲೆ ಡ್ರೈವ್ ಬದಲಾಗಿ, ಕ್ಲಿಪ್ಪುಗಳನ್ನು ಮತ್ತೆ ಜೋಡಿಸುವಾಗ ಸಾಫ್ಟ್‌ವೇರ್ ಹೆಸರು ನೋಡಿ ಹುಡುಕುತ್ತದೆ. ಮೊದಲು ಸಿಕ್ಕ ಸಿ0001 ಎತ್ತಿ ಕೂರಿಸುತ್ತದೆ. ತೇರಿನ ಕಳಸ ಇರಬೇಕಾದ ಕಡೆ ಚಪ್ಪಲಿ ಸ್ಟ್ಯಾಂಡ್ ಬರುತ್ತದೆ. ಅದಕ್ಕೇ ಒಂದು ಕ್ಯಾಮೆರಾಕ್ಕೆ ‘ಎ’, ಇನ್ನೊಂದಕ್ಕೆ ‘ಬಿ’ ಅಂತ ಮುಂದೆ ಸೇರಿಸಿ: ‘ಎ_ಸಿ0001’, ‘ಬಿ_ಸಿ0001’. ಮೈಕ್ರೋಸಾಫ್ಟಿನ ಪವರ್‌ಟಾಯ್ಸ್ ಉಚಿತ, ಅದರಲ್ಲಿ ಪವರ್‌ರಿನೇಮ್ ಎಂಬುದಿದೆ. ಹುಡುಕುವ ಜಾಗದಲ್ಲಿ ‘ಸಿ0’, ಬದಲಿಗೆ ‘ಎ_ಸಿ0’ ಅಂತ ಕೊಟ್ಟರೆ ಇಡೀ ಫೋಲ್ಡರ್ ಒಂದೇ ಏಟಿಗೆ ಆಗುತ್ತದೆ. ಒತ್ತುವ ಮೊದಲೇ ಹೊಸ ಹೆಸರು ಪಕ್ಕದಲ್ಲಿ ಕಾಣುತ್ತದೆ, ನೋಡಿಕೊಂಡು ಒತ್ತಿ. ಹಳೆ ಎವಿಸಿಎಚ್‌ಡಿ ಕ್ಯಾಮೆರಾ ಆಗಿದ್ದು, ಕಾರ್ಡಿನಲ್ಲಿ ಎಂಟಿಎಸ್ ಫೈಲುಗಳಿದ್ದರೆ ಮಾತ್ರ ಒಳಗೆ ಏನನ್ನೂ ಮುಟ್ಟಬೇಡಿ. ಇಡೀ ಕಾರ್ಡಿನ ಫೋಲ್ಡರ್ ಹಾಗೇ ಇಳಿಸಿ, ಹೊರಗಿನ ಫೋಲ್ಡರಿಗೆ ಮಾತ್ರ ಹೆಸರು ಕೊಡಿ. ಅಲ್ಲಿ ಉದ್ದದ ಒಂದು ಕ್ಲಿಪ್ ಹಲವು ತುಂಡುಗಳಾಗಿರುತ್ತದೆ. ಹೆಸರು ಬದಲಾದರೆ ತುಂಡುಗಳು ಒಂದನ್ನೊಂದು ಗುರುತಿಸುವುದಿಲ್ಲ.

ಗೋಪ್ರೊ ಇನ್ನೊಂದು ತಲೆನೋವು. ಉದ್ದ ಶೂಟ್ ಮಾಡಿದರೆ ಅದೂ ತುಂಡು ಮಾಡುತ್ತದೆ. ಜಿಎಕ್ಸ್010034, ಜಿಎಕ್ಸ್020034 ಅಂತ ಎರಡು ಕಂಡರೆ ಅವು ಎರಡು ಕ್ಲಿಪ್ ಅಲ್ಲ. 0034 ಎಂಬ ಒಂದೇ ಕ್ಲಿಪ್ಪಿನ ಮೊದಲ ತುಂಡು, ಎರಡನೆಯ ತುಂಡು. ಹೆಸರಿನ ಪ್ರಕಾರ ಜೋಡಿಸಿದರೆ ಎಲ್ಲ ಮೊದಲ ತುಂಡುಗಳು ಒಂದು ಕಡೆ, ಎರಡನೆಯವು ಇನ್ನೊಂದು ಕಡೆ ಹೋಗುತ್ತವೆ. ತೇರು ಹಿಂದಕ್ಕೂ ಮುಂದಕ್ಕೂ ಓಡುತ್ತದೆ. ಕೊನೆಯ ನಾಲ್ಕು ಅಂಕಿ ನೋಡಿ ಜೋಡಿಸಿ.

ಪ್ರಶ್ನೆ: ಅಕ್ಕಾ, ನಾನು ಮೊಬೈಲಿನಲ್ಲೇ ಕೈನ್‌ಮಾಸ್ಟರ್ ಹಾಕಿಕೊಂಡು ಬ್ಯಾಡಗಿ ಮೆಣಸಿನಕಾಯಿ ಪೇಟೆಯ ವಿಡಿಯೋ ಮಾಡುತ್ತೇನೆ. ಮೊಬೈಲ್ ತುಂಬಿತು ಅಂತ ಗ್ಯಾಲರಿ ಸ್ವಚ್ಛ ಮಾಡಿದೆ. ಈಗ ಪ್ರಾಜೆಕ್ಟ್ ತೆರೆದರೆ ಕ್ಲಿಪ್ ಇಲ್ಲ ಅಂತ ತೋರಿಸುತ್ತದೆ.
— ಬ್ಯಾಡಗಿ

ಉತ್ತರ: ಮೊದಲ ಉತ್ತರದ ಯಾದಿ ಓದಿದೆಯಲ್ಲ, ಮೊಬೈಲಿನಲ್ಲೂ ಅದೇ ಕತೆ. ಗ್ಯಾಲರಿಯ ಕಸದ ಬುಟ್ಟಿಯಲ್ಲಿ ಇನ್ನೂ ಉಳಿದಿದ್ದರೆ ಇವತ್ತೇ ಮರಳಿ ತಂದುಕೋ, ಅಲ್ಲಿ ಬಹಳ ದಿನ ಇರುವುದಿಲ್ಲ. ಇಲ್ಲದಿದ್ದರೆ ಹೋದದ್ದು ಹೋಯಿತು. ಇನ್ನು ಮುಂದೆ ಫೋನಿನಲ್ಲಿ ಒಂದು ವಿಡಿಯೋಕ್ಕೆ ಒಂದು ಫೋಲ್ಡರ್ ಮಾಡು. ಬಳಸುವ ಕ್ಲಿಪ್ಪು, ಹಾಡು ಎಲ್ಲ ಮೊದಲು ಅದಕ್ಕೆ ಹಾಕಿ ಆಮೇಲೆ ಆಪ್ ತೆರೆ. ಪ್ರಾಜೆಕ್ಟ್ ಪಟ್ಟಿಯಲ್ಲಿ ಮೂರು ಚುಕ್ಕೆ ಒತ್ತಿದರೆ ಹೆಸರು ಬದಲಿಸುವ ಆಯ್ಕೆ, ಇನ್ನೊಂದು ಪ್ರತಿ ಮಾಡುವ ಆಯ್ಕೆ ಎರಡೂ ಸಿಗುತ್ತವೆ. ಮತ್ತೆ ಆಪ್ ಸರಿಯಾಗಿ ನಡೆಯುತ್ತಿಲ್ಲ ಅಂತ ಅನ್‌ಇನ್‌ಸ್ಟಾಲ್ ಮಾಡಿಬಿಡಬೇಡ. ಮೊಬೈಲ್ ಆಪ್‌ಗಳ ಅರೆಬರೆ ಕೆಲಸ ಆಪ್ ಜೊತೆಗೇ ಹೋಗುತ್ತದೆ. ಗೆಳೆಯರಿಂದ ಕ್ಲಿಪ್ ತರಿಸುವಾಗ ವಾಟ್ಸಾಪ್‌ನಲ್ಲಿ ವಿಡಿಯೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳು. ಮೆಣಸಿನಕಾಯಿಯ ಕೆಂಪು ಕೆಂಪಾಗಿಯೇ ಬರುತ್ತದೆ.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಶಾಲೆಯೊಂದರಲ್ಲಿ ಶಿಕ್ಷಕ. ಶಾಲಾ ವಾರ್ಷಿಕೋತ್ಸವ, ಕಾಗಿನೆಲೆ ಪ್ರವಾಸ, ಮಕ್ಕಳ ನಾಟಕ ಎಲ್ಲದರ ವಿಡಿಯೋ ಎಡಿಟ್ ಮಾಡುತ್ತೇನೆ. ಫೈಲುಗಳಿಗೆ ಕನ್ನಡದಲ್ಲೇ ಹೆಸರಿಡಬೇಕು ಎಂಬುದು ನನ್ನ ಆಸೆ. ತಾವು ಇಂಗ್ಲಿಷ್ ಅಕ್ಷರ ಎನ್ನುತ್ತೀರಿ. ಯಾಕೆ?
— ಶಿಕ್ಷಕರು, ಹಾವೇರಿ ಜಿಲ್ಲೆ

ಉತ್ತರ: ಸರ್, ಆಸೆ ಸರಿಯಾಗಿಯೇ ಇದೆ. ಯೂನಿಕೋಡ್ ಕನ್ನಡದಲ್ಲಿ ಬರೆದ ಹೆಸರನ್ನು ಈಗಿನ ವಿಂಡೋಸ್ ಚೆನ್ನಾಗಿಯೇ ತೋರಿಸುತ್ತದೆ. ತೊಂದರೆ ಮೂರು ಕಡೆ ಬರುತ್ತದೆ. ಒಂದು, ಶಾಲೆಯ ಕಂಪ್ಯೂಟರಿನಲ್ಲಿ ನುಡಿ ಅಥವಾ ಬರಹದ ಹಳೆಯ ಪದ್ಧತಿಯಲ್ಲಿ ಟೈಪ್ ಮಾಡಿದರೆ ಫೈಲಿನ ಹೆಸರಿನ ಜಾಗದಲ್ಲಿ ಕನ್ನಡ ಬರುವುದಿಲ್ಲ. ಆ ಪದ್ಧತಿಯಲ್ಲಿ ಕನ್ನಡ ಇರುವುದು ಫಾಂಟಿನಲ್ಲಿ ಮಾತ್ರ. ಒಳಗೆ ಇರುವುದು ಕೊಂಬು ಮೂಡಿದ ಇಂಗ್ಲಿಷ್ ಅಕ್ಷರಗಳ ಗೋಜಲು, ಅದೇ ಹೊರಗೆ ಕಾಣುತ್ತದೆ. ಎರಡು, ಪೆನ್‌ಡ್ರೈವ್ ಒಯ್ದು ಹಳೆ ಟಿವಿಗೋ, ಸ್ಟೇಜಿನ ಎಲ್‌ಇಡಿ ಪರದೆಯ ಪ್ಲೇಯರಿಗೋ ಹಾಕಿದಾಗ ಕನ್ನಡ ಹೆಸರೆಲ್ಲ ಚೌಕ ಚೌಕ ಡಬ್ಬಿಗಳಾಗುವುದುಂಟು. ವಾರ್ಷಿಕೋತ್ಸವದ ಸಂಜೆ, ಅತಿಥಿಗಳು ಕುಳಿತಿರುವಾಗ, ಯಾವ ಡಬ್ಬಿ ಪ್ರಾರ್ಥನೆ ಯಾವ ಡಬ್ಬಿ ನಾಟಕ ಅಂತ ಹೇಗೆ ಹೇಳುವುದು? ಮೂರನೆಯದು ಸೂಕ್ಷ್ಮ. ‘ಸ್ಟೇಷನ್‌ನಲ್ಲಿ’ ಎಂಬಂಥ ಪದ ಬರೆಯುವಾಗ ಕಣ್ಣಿಗೆ ಕಾಣದ ಒಂದು ಅಕ್ಷರ ನಡುವೆ ಸೇರುತ್ತದೆ. ಒಬ್ಬರ ಕೀಲಿಮಣೆಯಲ್ಲಿ ಸೇರುತ್ತದೆ, ಇನ್ನೊಬ್ಬರದರಲ್ಲಿ ಸೇರದೆ ಇರಬಹುದು. ನೋಡಲು ಹೆಚ್ಚು ಕಡಿಮೆ ಒಂದೇ ಹೆಸರು, ಹುಡುಕಿದರೆ ಸಿಗುವುದಿಲ್ಲ.

ಇಂಗ್ಲಿಷ್ ಅಕ್ಷರಕ್ಕೂ ತನ್ನದೇ ರಗಳೆ ಇದೆ, ಇಲ್ಲ ಎನ್ನುವುದಿಲ್ಲ. 2014ರ ನವೆಂಬರ್ 1ರಿಂದ ನಮ್ಮ ಊರಿನ ಇಂಗ್ಲಿಷ್ ಹೆಸರು ‘ಹುಬ್ಲಿ’ ಹೋಗಿ ‘ಹುಬ್ಬಳ್ಳಿ’ ಆಯಿತು. ನನ್ನ ಹಳೆ ಡಿಸ್ಕುಗಳಲ್ಲಿ ಎರಡೂ ಇವೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗದು. ಅದಕ್ಕೆ ಊರಿನ ಹೆಸರುಗಳನ್ನು ಯಾವ ಸ್ಪೆಲಿಂಗಿನಲ್ಲಿ ಬರೆಯುತ್ತೇವೆ ಅಂತ ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದೇನೆ. ನೀವೂ ಹಾಗೆ ಮಾಡಿ.

ಸಾಫ್ಟ್‌ವೇರಿನ ಒಳಗೆ ಮಾತ್ರ ಕನ್ನಡ ಧಾರಾಳವಾಗಿ ಬಳಸಿ. ಬಿನ್‌ಗಳ ಹೆಸರನ್ನು ನಾನು ಕನ್ನಡದಲ್ಲೇ ಇಡುತ್ತೇನೆ. ಹಂದರ, ಐರಾಣಿ, ಗುಗ್ಗಳ, ಪುರವಂತರು, ಅಕ್ಕಿಕಾಳು, ಬೀಗರ ಊಟ. ಇವನ್ನು ಇಂಗ್ಲಿಷಿನಲ್ಲಿ ಬರೆಯಲು ಹೋದರೆ ಒಬ್ಬೊಬ್ಬರು ಒಂದೊಂದು ತರಹ ಬರೆಯುತ್ತಾರೆ. ಎಲ್ಲವನ್ನೂ ‘ರಿಚುವಲ್ಸ್’ ಅಂತ ಒಂದೇ ಬಿನ್‌ಗೆ ಸುರಿಯುವವರೂ ಇದ್ದಾರೆ. ಗುಗ್ಗಳದಲ್ಲಿ ಪುರವಂತರು ಒಡಪು ಹೇಳಿದ್ದು ಬೇಕು ಅಂತ ಮನೆಯ ಹಿರಿಯರು ಕೇಳಿದಾಗ ಅಂಥವರು ಸಂಜೆಯವರೆಗೆ ಹುಡುಕುತ್ತಾರೆ.

ಪ್ರಶ್ನೆ: ನಿನ್ನೆ ಸರಿ ಇದ್ದ ಪ್ರಾಜೆಕ್ಟ್ ಇವತ್ತು ತೆರೆದರೆ ಎಲ್ಲ ಕೆಂಪು ಪರದೆ. ‘ಮೀಡಿಯಾ ಆಫ್‌ಲೈನ್’ ಅಂತ ಬರುತ್ತದೆ. ಯಾವ ಫೈಲಿನ ಹೆಸರನ್ನೂ ನಾನು ಬದಲಿಸಿಲ್ಲ, ದೇವರಾಣೆ.
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ನಂಬಿದೆ. ಬದಲಾಯಿಸಿದ್ದು ವಿಂಡೋಸ್. ನಿನ್ನೆ ನಿಮ್ಮ ಹೊರಗಿನ ಹಾರ್ಡ್‌ಡಿಸ್ಕಿಗೆ ‘ಇ’ ಅಂತ ಹೆಸರಿತ್ತು. ಇವತ್ತು ಮೊದಲು ಪೆನ್‌ಡ್ರೈವ್ ಚುಚ್ಚಿರುತ್ತೀರಿ, ಅದು ‘ಇ’ ತೆಗೆದುಕೊಂಡಿತು, ಹಾರ್ಡ್‌ಡಿಸ್ಕ್ ‘ಎಫ್’ ಆಯಿತು. ಪ್ರಾಜೆಕ್ಟ್ ಇನ್ನೂ ‘ಇ’ಯಲ್ಲೇ ಹುಡುಕುತ್ತಿದೆ. ಪೆನ್‌ಡ್ರೈವ್ ತೆಗೆದು, ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ನಿಮ್ಮ ಹಾರ್ಡ್‌ಡಿಸ್ಕಿನ ಮೇಲೆ ಮತ್ತೆ ಬಲಗುಂಡಿ ಒತ್ತಿ ‘ಚೇಂಜ್ ಡ್ರೈವ್ ಲೆಟರ್’ ಎಂಬಲ್ಲಿ ‘ಇ’ ಕೊಡಿ. ಪ್ರೀಮಿಯರ್ ಮುಚ್ಚಿ ತೆರೆಯಿರಿ, ಕೆಂಪೆಲ್ಲ ಹೋಗಿರುತ್ತದೆ. ಹೊಸ ಡಿಸ್ಕ್ ಕೊಂಡಾಗ ಮೊದಲ ದಿನವೇ ಪಿ, ಎಕ್ಸ್‌ನಂಥ ದೂರದ ಅಕ್ಷರ ಕೊಟ್ಟುಬಿಡಿ. ಅಲ್ಲಿಯವರೆಗೆ ಪೆನ್‌ಡ್ರೈವ್‌ಗಳು ಬರುವುದಿಲ್ಲ.

ಪ್ರಶ್ನೆ: ಯೂಟ್ಯೂಬಿನಲ್ಲಿ ಒಬ್ಬರು ಪ್ರತಿ ಪ್ರಾಜೆಕ್ಟಿಗೂ ಇಪ್ಪತ್ತು ಮೂವತ್ತು ಫೋಲ್ಡರ್, ಅದರೊಳಗೆ ಮತ್ತೆ ಫೋಲ್ಡರ್, ಬಣ್ಣ ಬಣ್ಣದ ಲೇಬಲ್ ಎಲ್ಲ ತೋರಿಸಿದ್ದಾರೆ. ನಾನೂ ಹಾಗೆ ಮಾಡಬೇಕೇ?
— ರಾಣೆಬೆನ್ನೂರು

ಉತ್ತರ: ಬೇಡ. ಅದು ಹತ್ತು ಜನ ಒಂದೇ ಪ್ರಾಜೆಕ್ಟಿನ ಮೇಲೆ ಕೆಲಸ ಮಾಡುವ ಕಂಪನಿಗಳಿಗೆ. ನಿಮಗೆ ಐದು ಸಾಕು: ಶೂಟಿಂಗ್, ಹಾಡು, ಫೋಟೊ, ಪ್ರಾಜೆಕ್ಟ್, ಕೊಡುವ ವಿಡಿಯೋ. ಖಾಲಿ ಫೋಲ್ಡರ್ ಜಾಸ್ತಿ ಇದ್ದಷ್ಟೂ ಫೈಲ್ ತಪ್ಪು ಜಾಗಕ್ಕೆ ಬೀಳುವುದು ಜಾಸ್ತಿ. ಮತ್ತೆ ಫೋಲ್ಡರೊಳಗೆ ಫೋಲ್ಡರ್ ಮಾಡುತ್ತಾ ಹೋದರೆ ವಿಂಡೋಸಿನ ಹಳೆಯ ಮಿತಿ ಅಡ್ಡ ಬರುತ್ತದೆ. ಡ್ರೈವಿನಿಂದ ಫೈಲಿನ ಹೆಸರಿನವರೆಗೆ ಒಟ್ಟು 260 ಅಕ್ಷರ ದಾಟಿದರೆ ಹಲವು ಸಾಫ್ಟ್‌ವೇರ್‌ಗಳು ಆ ಫೈಲನ್ನು ತೆರೆಯುವುದಿಲ್ಲ. ಇನ್ನು ಬಣ್ಣದ ಲೇಬಲ್. ಎರಡು ಕ್ಯಾಮೆರಾ ಇದ್ದರೆ ಎರಡು ಬಣ್ಣ. ಅದಕ್ಕಿಂತ ಮೇಲಿನದು ಸುಮ್ನೆ ಹೊತ್ತು ಕಳೆಯುವ ದಾರಿ ಅಂತ ನನ್ನ ಅಭಿಪ್ರಾಯ. ಬಣ್ಣ ಹಚ್ಚುವಷ್ಟರಲ್ಲಿ ಒಂದು ಹಾಡಿನ ಮಿಕ್ಸಿಂಗ್ ಮುಗಿಯುತ್ತದೆ.

ಪ್ರಶ್ನೆ: ಮದುವೆಯಾಗಿ ಎರಡು ವರ್ಷದ ಮೇಲೆ ಒಂದು ಮನೆಯವರು ಬಂದು ‘ಅಜ್ಜ ತೀರಿಕೊಂಡರು, ಅವರು ಇರುವ ಎಲ್ಲ ಶಾಟ್ ತೆಗೆದುಕೊಡಿ’ ಎನ್ನುತ್ತಿದ್ದಾರೆ. ಶೂಟಿಂಗ್ ಅಳಿಸಿಬಿಟ್ಟಿದ್ದೇನೆ. ಎಷ್ಟು ದಿನ ಇಡಬೇಕು? ಎಲ್ಲವನ್ನೂ ಇಡಲು ಡಿಸ್ಕ್ ಎಲ್ಲಿಂದ ತರುವುದು?
— ಫೋಟೊ ಸ್ಟುಡಿಯೋದವರು, ಶಿಗ್ಗಾಂವಿ

ಉತ್ತರ: ಎಲ್ಲವನ್ನೂ ಇಡಲಾಗುವುದಿಲ್ಲ, ನಿಜ. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ 4ಕೆ ಶೂಟ್ ಮಾಡಿದರೆ ಒಂದು ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ಎರಡು ದಿನದ ಮದುವೆ ಅಂದರೆ ನೀವೇ ಗುಣಿಸಿಕೊಳ್ಳಿ. ಮಿನಿ ಡಿವಿ ಕಾಲದಲ್ಲಿ ಗಂಟೆಗೆ 13 ಜಿಬಿ ಆಗುತ್ತಿತ್ತು, ಅದೂ ಕ್ಯಾಸೆಟ್ಟಿನಲ್ಲೇ ಉಳಿಯುತ್ತಿತ್ತು. ಕ್ಯಾಸೆಟ್ಟಿನ ಬೆನ್ನ ಮೇಲೆ ಪೆನ್ನಿನಲ್ಲಿ ಬರೆದು ಕಪಾಟಿಗೆ ಇಟ್ಟರೆ ಮುಗಿಯಿತು.

ಈಗ ನಾನು ಮಾಡುವುದು ಹೀಗೆ. ಡೆಲಿವರಿ ಆದ ಮೇಲೆ ಪ್ರೀಮಿಯರ್‌ನ ಫೈಲ್ ಮೆನುವಿನಲ್ಲಿ ‘ಪ್ರಾಜೆಕ್ಟ್ ಮ್ಯಾನೇಜರ್’ ತೆರೆಯುತ್ತೇನೆ. ಅದರಲ್ಲಿ ‘ಕಲೆಕ್ಟ್ ಫೈಲ್ಸ್’ ಆಯ್ಕೆ ಕೊಟ್ಟು, ಬಳಸದ ಕ್ಲಿಪ್ಪುಗಳನ್ನು ಬಿಡು ಎಂಬ ಗುರುತು ಹಾಕುತ್ತೇನೆ. ಟೈಮ್‌ಲೈನಿನಲ್ಲಿ ಇರುವ ಕ್ಲಿಪ್ಪುಗಳು ಮಾತ್ರ, ಎಲ್ಲೆಲ್ಲಿ ಚದುರಿದ್ದರೂ, ಒಂದೇ ಹೊಸ ಫೋಲ್ಡರಿಗೆ ಬಂದು ಕೂಡುತ್ತವೆ. ಎಡಿಯಸ್‌ನಲ್ಲಿ ಇದೇ ತರಹದ ಕೆಲಸಕ್ಕೆ ‘ಕನ್ಸಾಲಿಡೇಟ್ ಪ್ರಾಜೆಕ್ಟ್’ ಇದೆ. ಆ ಹೊಸ ಫೋಲ್ಡರಿನ ಪ್ರಾಜೆಕ್ಟನ್ನು ಒಮ್ಮೆ ತೆರೆದು, ಕೆಂಪು ಎಲ್ಲೂ ಇಲ್ಲ ಅಂತ ನೋಡಿದ ಮೇಲೆಯೇ ಹಳೆಯದನ್ನು ಅಳಿಸುವುದು. ಪ್ರಾಜೆಕ್ಟ್ ಫೈಲ್ ಮತ್ತು ದೊಡ್ಡ ಗಾತ್ರದ ಪೂರ್ತಿ ವಿಡಿಯೋ ಎರಡನ್ನೂ ಇನ್ನೊಂದು ಡಿಸ್ಕಿಗೂ ಹಾಕಿ, ಆ ಡಿಸ್ಕನ್ನು ಸ್ಟುಡಿಯೋದಲ್ಲಿ ಇಡದೆ ಮನೆಗೆ ಒಯ್ಯಿರಿ.

ಈಗ ಬಂದಿರುವ ಮನೆಯವರಿಗೆ ನೀವು ಕೊಟ್ಟ ಪೂರ್ತಿ ವಿಡಿಯೋದಿಂದಲೇ ಅಜ್ಜನ ಶಾಟ್‌ಗಳನ್ನು ಕತ್ತರಿಸಿ ಕೊಡಿ, ದುಡ್ಡು ತೆಗೆದುಕೊಳ್ಳಬೇಡಿ. ಜೊತೆಗೆ ಅವರ ನೆಂಟರ ಮೊಬೈಲಿನಲ್ಲಿ ಇದ್ದದ್ದನ್ನೂ ಕೇಳಿ ತರಿಸಿ, ಊಟದ ಪಂಕ್ತಿಯಲ್ಲಿ ಯಾರಾದರೂ ಹಿಡಿದೇ ಇರುತ್ತಾರೆ. ಮುಂದಿನ ಸೀಸನ್ನಿಗೆ ಬಿಲ್ ಪುಸ್ತಕ ಅಚ್ಚು ಹಾಕಿಸುವಾಗ ಕೆಳಗೆ ಒಂದು ಸಾಲು ಸೇರಿಸಿ: ‘ಮೂಲ ಶೂಟಿಂಗ್ ಡೆಲಿವರಿಯಾದ ಆರು ತಿಂಗಳವರೆಗೆ ಮಾತ್ರ ಇಡಲಾಗುವುದು. ಬೇಕಾದವರು ಹಾರ್ಡ್‌ಡಿಸ್ಕ್ ತಂದು ಒಯ್ಯಬಹುದು.’ ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ಇದನ್ನು ಬಾಯಿಂದಲೂ ಹೇಳಿ. ಬಿಲ್ಲಿನ ಸಣ್ಣ ಅಕ್ಷರ ಯಾರೂ ಓದುವುದಿಲ್ಲ.